ಮರ್ಫಿ ನೀಲಿ ಪುಸ್ತಕದ ಆ ಏಳು ಯೂನಿಟ್: ಎಲ್ಲದಕ್ಕೂ ವಿಲ್ ಹಾಕೋರು ಓದ್ಲೇಬೇಕು

ಇಂಗ್ಲಿಷ್ ಗ್ರಾಮರ್ ಇನ್ ಯೂಸ್‌ಗೆ ಈಗ ಬಂದು ರಿವ್ಯೂ ಬರೀತಿದ್ದೀಯಲ್ಲ ಮಾರಾಯ ಅಂತ ಯಾರಾದ್ರೂ ಕೇಳ್ಬಹುದು, 1985ರಲ್ಲಿ ಮೊದಲು ಬಂದಿದ್ದು, ರೇಮಂಡ್ ಮರ್ಫಿ ಬರೆದಿದ್ದು, ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್‌ನೋರದ್ದು, ಐಇಎಲ್‌ಟಿಎಸ್ ಅಂತ ಫಾರಿನ್‌ಗೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆಗೆ ಓದೋರ ಟೇಬಲ್ ಮೇಲೆ ನೀಲಿ ರಟ್ಟಿನ ದಪ್ಪ ಪುಸ್ತಕ ಇರುತ್ತಲ್ಲ ಅದೇ. 145 ಯೂನಿಟ್ ಇದೆ, ಎಲ್ಲದರ ಬಗ್ಗೆ ಬರೆಯೋಕೆ ನನಗೂ ಪುರುಸೊತ್ತಿಲ್ಲ ನಿಮಗೂ ಇರಲ್ಲ. 2019ರ ಐದನೇ ಎಡಿಷನ್‌ನಲ್ಲಿ 19ರಿಂದ 25ರವರೆಗೆ ಏಳು ಯೂನಿಟ್ ಇದೆ, ಮುಂದೆ ಏನ್ ಮಾಡ್ತೀವಿ, ಏನ್ ಮಾಡ್ಬೇಕು ಅಂತಿದೀವಿ ಅನ್ನೋದನ್ನ ಇಂಗ್ಲಿಷಲ್ಲಿ ಹೇಳೋ ಬಗ್ಗೆ. ಆ ಏಳಕ್ಕೇ ಪುಸ್ತಕದ ದುಡ್ಡು ವಸೂಲಿ ಅನ್ನೋದು ನನ್ನ ಅಭಿಪ್ರಾಯ.

ಕನ್ನಡ ಮೀಡಿಯಮ್‌ನಲ್ಲಿ ಓದಿದೋರಿಗೆ ನೆನಪಿರುತ್ತೆ, ಫ್ಯೂಚರ್ ಟೆನ್ಸ್ ಅಂದ್ರೆ ಐ, ವೀ ಬಂದ್ರೆ ಶಾಲ್, ಉಳಿದಿದ್ದಕ್ಕೆಲ್ಲ ವಿಲ್, ಬಾಯಿಪಾಠ ಮಾಡ್ಕೊಂಡು ಬನ್ನಿ, ಮುಗೀತು. ಅದರ ಫಲ ಈಗ ಆಫೀಸಲ್ಲಿ ಕಾಣ್ಸುತ್ತೆ. ಟಿಕೆಟ್ ಬುಕ್ ಆಗಿರುತ್ತೆ, ರಜಾ ಸ್ಯಾಂಕ್ಷನ್ ಆಗಿರುತ್ತೆ, ಮನೇಲಿ ಅಮ್ಮ ಕೋಡುಬಳೆ ಮಾಡೋಕೆ ಹಿಟ್ಟೂ ಬೀಸಿಸಿರ್ತಾರೆ, ಆದ್ರೂ ನಾವು ಮ್ಯಾನೇಜರ್ ಹತ್ರ 'ಐ ವಿಲ್ ಗೋ ಟು ಮೈ ನೇಟಿವ್ ಆನ್ ಫ್ರೈಡೇ' ಅಂತೀವಿ. ಅರ್ಥ ಏನೋ ಆಗುತ್ತೆ, ಆದ್ರೆ ಇಂಗ್ಲಿಷ್ ಮಾತಾಡೋ ಊರಿನೋರ ಕಿವಿಗೆ ಅದು ಈಗ ನಿಂತ ಕಾಲಲ್ಲೇ ತೀರ್ಮಾನ ಮಾಡಿದಂಗೆ ಕೇಳ್ಸುತ್ತೆ.

ಮರ್ಫಿ ಇಲ್ಲಿ ಮಾಡಿರೋ ಕೆಲ್ಸ ಏನಪ್ಪಾ ಅಂದ್ರೆ, ಯಾವಾಗ ಮಾಡ್ತೀರಿ ಅನ್ನೋದಕ್ಕಿಂತ ಯಾವಾಗ ತೀರ್ಮಾನ ಮಾಡಿದ್ರಿ ಅನ್ನೋದನ್ನ ಕೇಳ್ತಾನೆ. ಮಾತಾಡ್ತಾ ಮಾತಾಡ್ತಾ ಆಗಲೇ ಮನಸ್ಸು ಮಾಡಿದ್ರೆ ವಿಲ್. ಫೋನ್ ರಿಂಗ್ ಆಗುತ್ತೆ, 'ಇರಿ ನಾನೇ ತಗೋತೀನಿ' ಅಂತೀವಲ್ಲ, ಅದು 'ಐ ವಿಲ್ ಗೆಟ್ ಇಟ್'. ಮೊದಲೇ ಮನಸ್ಸಲ್ಲಿ ಗಟ್ಟಿ ಮಾಡ್ಕೊಂಡಿದ್ರೆ ಗೋಯಿಂಗ್ ಟು. ಇನ್ನೊಬ್ರ ಜೊತೆ ಮಾತಾಡಿ ಟೈಮು ಜಾಗ ಎಲ್ಲ ಫಿಕ್ಸ್ ಆಗಿದ್ರೆ 'ಐ ಆಮ್ ಮೀಟಿಂಗ್ ಹರ್ ಟುಮಾರೋ'. ಬಸ್ಸು ರೈಲು ಸಿನಿಮಾ ಥರ ಟೈಮ್ ಟೇಬಲ್ ಇರೋದಾದ್ರೆ ಬರೀ 'ದ ಬಸ್ ಲೀವ್ಸ್ ಅಟ್ ಸಿಕ್ಸ್'. ಯೂನಿಟ್ 23ರಲ್ಲಿ ವಿಲ್ಲನ್ನೂ ಗೋಯಿಂಗ್ ಟುನೂ ಎದುರಾಬದುರು ಕೂರಿಸಿದಾನೆ, ಪುಸ್ತಕ ಕೈಗೆ ಸಿಕ್ಕಿದ ದಿನ ಬೇರೆ ಏನೂ ಓದ್ದೆ ಇದ್ರೂ ಅದೊಂದು ಓದಿ.

ಇನ್ನೊಂದು ವಿಷ್ಯ, ಪುಸ್ತಕದಲ್ಲಿ ಇಲ್ಲ, ನಾನೇ ಸೇರಿಸ್ತಿರೋದು. ಈ ವ್ಯತ್ಯಾಸ ಎಲ್ಲ ಇಂಗ್ಲಿಷಿನೋರದ್ದೇ ಏನೋ ವಿಶೇಷ ಅಂತ ಹೆದರ್ಕೋತೀವಿ, ಆದ್ರೆ ಮನೇಲಿ ಮಾತಾಡೋ ಕನ್ನಡದಲ್ಲಿ ಸುಮಾರು ಎಲ್ಲಾ ಆಗಲೇ ಇದೆ. 'ಒಂದು ಸ್ಕೂಟಿ ತಗೋಬೇಕು ಅಂತಿದೀನಿ' ಅಂದ್ರೆ ಅದೇ ಗೋಯಿಂಗ್ ಟು. 'ಭಾನುವಾರ ಮೈಸೂರಿಗೆ ಹೋಗ್ತಾ ಇದೀವಿ' ಅಂದ್ರೆ ಅದೇ 'ವೀ ಆರ್ ಗೋಯಿಂಗ್', ಇಂಗು ಸಮೇತ ಇದೆ ನೋಡಿ. ಮೋಡ ನೋಡಿ 'ಮಳೆ ಬರೋ ಹಂಗಿದೆ' ಅಂತೀವಿ, ಅಲ್ಲೂ ಇಂಗ್ಲಿಷಲ್ಲಿ ಗೋಯಿಂಗ್ ಟು, ಯಾಕಂದ್ರೆ ಸೂಚನೆ ಕಣ್ಣೆದುರಿಗೇ ಇದೆ. 'ಫೋನ್ ಮಾಡ್ಬೇಕು ಅಂತಿದ್ದೆ, ಅಷ್ಟರಲ್ಲಿ ನೀವೇ ಬಂದ್ರಿ' ಅನ್ನೋದು 'ಐ ವಾಸ್ ಗೋಯಿಂಗ್ ಟು ಕಾಲ್ ಯೂ', ಇದನ್ನ ಯೂನಿಟ್ 20ರಲ್ಲಿ ಕೊನೇಲಿ ಸಣ್ಣದಾಗಿ ಕೊಟ್ಟಿದಾನೆ, ನೆಪ ಹೇಳೋರಿಗೆ ಬಹಳ ಉಪಯೋಗ. ಶಾಲ್ ಬಗ್ಗೆ ಸ್ಕೂಲಲ್ಲಿ ಎಷ್ಟು ತಲೆ ಕೆಡಿಸಿದ್ರು, ಈಗ ಮಾತಲ್ಲಿ ಅದು ಮುಖ್ಯವಾಗಿ ಬೇಕಾಗೋದು 'ನಾನ್ ಮಾಡ್ಲಾ?', 'ಹೋಗೋಣ್ವಾ?' ಅನ್ನೋ ಕಡೆ, ಶಾಲ್ ಐ, ಶಾಲ್ ವೀ. ಇಷ್ಟು ಜೋಡಿಸ್ಕೊಂಡು ಓದಿದ್ರೆ ಪ್ರತಿ ಯೂನಿಟ್‌ನ ಎಡಗಡೆ ಪೇಜಲ್ಲಿರೋ ವಿವರಣೆ ನೀರು ಕುಡಿದಂಗೆ ಇಳಿಯುತ್ತೆ.

ಯೂನಿಟ್ 24ಕ್ಕೆ ಎಲ್ರೂ ಹೆದರ್ತಾರೆ, ವಿಲ್ ಬಿ ಡೂಯಿಂಗ್, ವಿಲ್ ಹ್ಯಾವ್ ಡನ್. 'ಆ ಟೈಮಲ್ಲಿ ಊಟ ಮಾಡ್ತಾ ಇರ್ತೀನಿ', 'ಅಷ್ಟೊತ್ತಿಗೆ ಮುಗಿಸಿರ್ತೀನಿ', ಅಷ್ಟೇ ಅದು.

ಯೂನಿಟ್ 25 ಮಾತ್ರ ಪ್ರತಿಯೊಬ್ರೂ ಪೆನ್ ಹಿಡ್ಕೊಂಡು ಮಾಡ್ಬೇಕು. 'ವೆನ್ ಐ ವಿಲ್ ರೀಚ್ ಹೋಮ್ ಐ ವಿಲ್ ಕಾಲ್ ಯೂ' ಅನ್ನೋದು ನಮ್ಮ ಕಡೆ ದಿನಾ ಕೇಳೋ ಮಾತು. ವೆನ್, ಇಫ್, ಬಿಫೋರ್, ಆಫ್ಟರ್, ಅಂಟಿಲ್ ಇಂಥವು ಬಂದ ತುಂಡಿನೊಳಗೆ ವಿಲ್ ಹಾಕೋ ಹಾಗಿಲ್ಲ, 'ವೆನ್ ಐ ರೀಚ್ ಹೋಮ್'. ನಾವೂ 'ಮನೆ ಮುಟ್ಟಿದ ಮೇಲೆ ಫೋನ್ ಮಾಡ್ತೀನಿ' ಅಂತೀವೇ ಹೊರತು ಮುಟ್ಟುವ ಮೇಲೆ ಅನ್ನಲ್ವಲ್ಲ. ಇಂಟರ್‌ವ್ಯೂನಲ್ಲಿ 'ಇಫ್ ಐ ವಿಲ್ ಗೆಟ್ ದಿಸ್ ಜಾಬ್' ಅಂತ ಶುರು ಮಾಡೋರಿಗೆ ಈ ಒಂದು ಯೂನಿಟ್ ಸಾಕು.

ಬೇಜಾರಾಗಿದ್ದೂ ಹೇಳ್ಬಿಡ್ತೀನಿ. ವಿವರಣೆ ಎಲ್ಲಾ ಇಂಗ್ಲಿಷಲ್ಲೇ, ಸುಲಭ ಇಂಗ್ಲಿಷೇ, ಆದ್ರೂ ಪೂರ್ತಿ ಹೊಸಬರಿಗೆ ಈ ನೀಲಿ ಕಷ್ಟ, ಅವರು ಇದೇ ಮರ್ಫಿಯ ಕೆಂಪು ಪುಸ್ತಕ, ಎಸೆನ್ಷಿಯಲ್ ಗ್ರಾಮರ್ ಇನ್ ಯೂಸ್, ಅದರಿಂದ ಶುರು ಮಾಡೋದು ವಾಸಿ. ಉದಾಹರಣೆಗಳಲ್ಲಿ ಬರೋ ಜನ, ಅವರ ಪಾರ್ಟಿ, ಹಾಲಿಡೇ ಎಲ್ಲ ಬ್ರಿಟನ್ ಕಡೆಯದ್ದು, ನಮ್ಮ ಕಡೆ ಪ್ರಸಂಗ ನಾವೇ ಹಾಕ್ಕೋಬೇಕು. ಬಲಗಡೆ ಪೇಜಿನ ಎಕ್ಸರ್‌ಸೈಜ್ ಬಹುಪಾಲು ಖಾಲಿ ಜಾಗ ತುಂಬೋದು, ಮೂರು ನಾಲ್ಕು ತುಂಬಿದ ಮೇಲೆ ಯಾವ ಯೂನಿಟ್‌ನಲ್ಲಿದೀವಿ ಅನ್ನೋದ್ರಿಂದಲೇ ಉತ್ತರ ಊಹೆ ಆಗ್ಬಿಡುತ್ತೆ, ಅದಕ್ಕೇ ಹಿಂದೆ ಇರೋ ಅಡಿಷನಲ್ ಎಕ್ಸರ್‌ಸೈಜ್ ಬಿಡಬೇಡಿ, ಅಲ್ಲಿ ಎಲ್ಲಾ ಬೆರೆಸಿ ಕೊಟ್ಟಿದಾನೆ. ಪ್ಲಾನ್ ಟು, ಹೋಪ್ ಟು, ಡಿಸೈಡ್ ಟು ಅನ್ನೋವೆಲ್ಲ ಇಲ್ಲೇ ಪಕ್ಕದಲ್ಲಿ ಇರ್ಬೇಕಿತ್ತು, ಅವನು ಅದನ್ನ ಐವತ್ತು ಯೂನಿಟ್ ದಾಟಿದ ಮೇಲೆ ಎಲ್ಲೋ ಇಟ್ಟಿದಾನೆ. ಬಾಯಿಬಿಟ್ಟು ಮಾತಾಡೋದನ್ನಂತೂ ಯಾವ ಪುಸ್ತಕನೂ ಕಲಿಸಲ್ಲ, ಅದಕ್ಕೆ ಜೊತೇಲಿ ಯಾರಾದ್ರೂ ಒಬ್ರು ಬೇಕು. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಟ್ ಮಾಡಿದ್ದು ಪ್ಲಾನ್ ಟು ಹುಡುಕಿಸಿದ್ದಕ್ಕೆ.

ತಗೊಳ್ಳೋವಾಗ ಉತ್ತರ ಇರೋದು, ಇಲ್ಲದಿರೋದು ಎರಡೂ ಬರುತ್ತೆ, ಮನೇಲಿ ಒಬ್ರೇ ಕೂತು ಓದೋರು ರಟ್ಟಿನ ಮೇಲೆ 'ವಿತ್ ಆನ್ಸರ್ಸ್' ಅಂತ ಇದ್ಯಾ ನೋಡಿ ತಗೊಳ್ಳಿ. ಬೆಂಗಳೂರಿನ ಅವೆನ್ಯೂ ರೋಡ್ ಕಡೆ ಹಳೇ ಪುಸ್ತಕ ತಗೊಳ್ಳೋರು ಇನ್ನೂ ಎರಡು ನೋಡಿ, ಒಂದು ಹಿಂದಿನವರು ಪೆನ್ನಲ್ಲೇ ಉತ್ತರ ತುಂಬಿಟ್ಟಿದಾರಾ ಅಂತ, ಇನ್ನೊಂದು ಕೊನೇಲಿರೋ ಉತ್ತರದ ಪೇಜುಗಳು ಕಿತ್ತು ಹೋಗಿಲ್ಲ ತಾನೇ ಅಂತ.