ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿ: ಮೆಂತ್ಯ ತಗೊಳ್ಳೋಕೆ ಇಲ್ಲಿಗೇ ಬನ್ನಿ

ಶಿವಮೊಗ್ಗದ ಈ ಅಂಗಡಿಗೆ ನಾನು ಬರುವುದೇ ಮೆಂತ್ಯಕ್ಕೆ. ತೀರ್ಥಹಳ್ಳಿ ಕಡೆಯಿಂದ ಬಂದಾಗಲೆಲ್ಲ ಕಾಲು ಕೆಜಿ ಕಟ್ಟಿಸಿಕೊಂಡೇ ಬಸ್ ಹತ್ತುತ್ತೇನೆ.

ಮೊದಲು ಬೇರೆ ಕಡೆ ಪುಡಿ ಪ್ಯಾಕೆಟ್ ತರುತ್ತಿದ್ದೆ. ನಮ್ಮ ಮಳೆಗಾಲ ಗೊತ್ತಲ್ವಾ, ಹದಿನೈದು ದಿನಕ್ಕೆ ಗಂಟು ಕಟ್ಟಿ, ಮುಗ್ಗಲು ವಾಸನೆ ಬಂದು, ಎಸೆಯುವುದೇ ಆಗುತ್ತಿತ್ತು. ಇಲ್ಲಿ ಸಿಗುವುದು ಇಡೀ ಕಾಳು. ಕಲ್ಲು, ಕಡ್ಡಿ ಇಲ್ಲ. ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಚೆನ್ನಾಗಿ ಉಬ್ಬಿ ಲೋಳೆ ಬಿಡುತ್ತದೆ. ಆ ಲೋಳೆಯೇ ಮುಖ್ಯ. ಅದು ನೀರಿನಲ್ಲಿ ಕರಗುವ ನಾರು, ಊಟದಲ್ಲಿರುವ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ನೀರು ಕುಡಿದು ಕಾಳು ಚೆಲ್ಲುವವರು ದಯವಿಟ್ಟು ಕಾಳನ್ನೂ ಅಗಿದು ತಿನ್ನಿ.

ಅಂಗಡಿ ಇಷ್ಟವಾಗಿದ್ದು ಮಾತ್ರ ಬೇರೆ ಕಾರಣಕ್ಕೆ. ಅಮ್ಮನಿಗೆ ಶುಗರ್ ಬಂದ ವರ್ಷ, ಎಲ್ಲರೂ ಹೇಳ್ತಾರಲ್ಲ ಅಂತ ಒಂದೇ ಸಲ ಎರಡು ಕೆಜಿ ಕೇಳಿದ್ದೆ. ತೂಗುತ್ತಿದ್ದ ಹಿರಿಯರು ಕೈ ನಿಲ್ಲಿಸಿ, "ಅಮ್ಮ ಶುಗರ್ ಮಾತ್ರೆ ತಗೊಳ್ತಾರಾ?" ಅಂದರು. ಹೌದು ಅಂದೆ. "ಹಾಗಾದ್ರೆ ಈಗ ಕಾಲು ಕೆಜಿ ಸಾಕು ತಂಗಿ. ಡಾಕ್ಟ್ರಿಗೆ ಒಂದು ಮಾತು ಹೇಳಿ ಶುರು ಮಾಡಿ. ಎರಡೂ ಸೇರಿ ಶುಗರ್ ಜಾಸ್ತಿ ಇಳಿದ್ರೆ ಕಷ್ಟ." ಕೈಗೆ ಬಂದ ವ್ಯಾಪಾರ ಬಿಟ್ಟು ಹೀಗೆ ಹೇಳುವವರು ಎಷ್ಟು ಜನ ಸಿಗ್ತಾರೆ? ಡಾಕ್ಟರೂ ಅದನ್ನೇ ಹೇಳಿದರು, ಮಾತ್ರೆ ನಿಲ್ಲಿಸಬೇಡಿ, ಒಂದು ಚಮಚದಿಂದ ಶುರು ಮಾಡಿ ಅಂತ. ಬಸುರಿಯರೂ ಅಡುಗೆಗೆ ಹಾಕುವಷ್ಟು ತಿನ್ನಲಿ, ಔಷಧಿ ಅಂತ ಮುಷ್ಟಿಗಟ್ಟಲೆ ಬೇಡ.

ನಮ್ಮನೆಯಲ್ಲಿ ಜಾಸ್ತಿ ಖರ್ಚಾಗುವುದು ತಂಬುಳಿಗೆ. ಒಂದು ಚಮಚ ಮೆಂತ್ಯ, ಸ್ವಲ್ಪ ಜೀರಿಗೆ, ಎರಡು ಕಾಳುಮೆಣಸು, ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿದು, ಕೆಂಪಗಾದ ಕೂಡಲೇ ಇಳಿಸಬೇಕು, ಕಪ್ಪಾದರೆ ಕಹಿ ತಡೆಯೋಕಾಗಲ್ಲ. ತೆಂಗಿನಕಾಯಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕಲಸಿದರೆ ಆಯಿತು. ಹೊಟ್ಟೆ ಕೆಟ್ಟ ದಿನ ಅಜ್ಜಿ ಬಿಸಿ ಅನ್ನಕ್ಕೆ ಇದನ್ನೇ ಬಡಿಸುತ್ತಿದ್ದರು. ಬಾಣಂತಿಯರಿಗೆ ಹಾಲು ಹೆಚ್ಚಲಿ ಅಂತ ಮೆಂತ್ಯದ ಗಂಜಿಯನ್ನೂ ಮಾಡಿಕೊಡುತ್ತಿದ್ದರು. ತಲೆಗೂ ಅರೆದು ಹಚ್ಚಿ ನೋಡಿದ್ದೇನೆ, ಕೂದಲು ನುಣುಪಾಯಿತು, ಉದುರುವುದು ನಿಲ್ಲಲಿಲ್ಲ.

ಒಂದೇ ಒಂದು ಕೊರತೆ, ಸಂಜೆ ಸಿಕ್ಕಾಪಟ್ಟೆ ಜನ, ತುಂಬಾ ಹೊತ್ತು ನಿಲ್ಲಬೇಕು. ಬೆಳಿಗ್ಗೆ ಹೋಗಿ. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಾರೆ, ಮಳೆಗಾಲದಲ್ಲಿ ಜೊತೆಗೊಂದು ಡಬ್ಬಿ ಇರಲಿ.