ಚುಕ್ಕಿ ರಂಗೋಲಿಯೋ, ಜೇಡಿಮಣ್ಣೋ: ಮನಸ್ಸು ಹಗುರಾಗಲು ಯಾವುದು?

ಒಂದೇ ಯೋಚನೆ ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದರೆ ರಂಗೋಲಿ ಹಿಡಿಯಿರಿ. ಸಿಟ್ಟು, ಸಂಕಟ ಮೈಯಲ್ಲೇ ಕಟ್ಟಿಕೊಂಡಿದ್ದರೆ ಮಣ್ಣು.

ರಂಗೋಲಿಗೆ ಖರ್ಚು ಕಡಿಮೆ. 7ರಿಂದ 4ರವರೆಗೆ ಸಂದು ಚುಕ್ಕಿ ಇಟ್ಟರೆ, ಅಂದರೆ ನಡುಸಾಲಿಗೆ 7, ಅದರ ಎರಡೂ ಬದಿಗೆ ಹಿಂದಿನ ಸಾಲಿನ ಸಂದುಗಳಲ್ಲಿ 6, 5, 4 ಇಟ್ಟರೆ ಒಟ್ಟು 37. ಎಣಿಸುತ್ತಾ ಎಳೆ ಎಳೆಯುವಾಗ ಚಿಂತೆಗೆ ಜಾಗ ಕಮ್ಮಿ. ಅಂತರ ತಪ್ಪಿದರೆ ಮಾತ್ರ ಎಳೆ ಕೂಡದೆ ಬೇಸರ ಹೆಚ್ಚುತ್ತದೆ. ಹೊಸಬರು, ಮಂಡಿನೋವಿದ್ದವರು ಸ್ಲೇಟು ಬಳಪ ಹಿಡಿಯುವುದು ವಾಸಿ.

ಮಣ್ಣಿಗೆ ತಯಾರಿ ಬೇಕು. ಕೋಲಾರದ ಕಡೆ ಕುಂಬಾರರ ಬಳಿ ಹದ ಮಾಡಿದ್ದು ಸಿಕ್ಕರೆ ಸರಿ. ಇಲ್ಲದಿದ್ದರೆ ಕೆರೆಯ ಜೇಡಿಯನ್ನು ಜರಡಿ ಹಿಡಿದು, ರಾತ್ರಿಯಿಡೀ ನೆನೆಸಿ, ಅಂಗೈಗೆ ಅಂಟದ ತನಕ ನಾದಿ. ಅರ್ಧ ಕೆಜಿ ಸಾಕು. ಉಂಡೆಯ ನಡುವೆ ಹೆಬ್ಬೆರಳು ಒತ್ತಿ, ತಿರುಗಿಸುತ್ತಾ ಬಟ್ಟಲು ಮಾಡಿ. ಬಿಸಿಲಿಗಿಟ್ಟರೆ ಅಂಚು ಬೇಗ ಒಣಗಿ, ಕುಗ್ಗಿ, ಬಿರುಕು ಬಿಡುತ್ತದೆ. ನೆರಳಲ್ಲಿ ಬಟ್ಟೆ ಮುಚ್ಚಿಡಿ. ಬಿರಿದರೂ ನಷ್ಟವಿಲ್ಲ, ನೆನೆಸಿದರೆ ಮತ್ತೆ ಮಣ್ಣೇ. ಈ ಗುಣಕ್ಕೇ ನಮ್ಮ ಮತ ಮಣ್ಣಿಗೆ.

ಕೈ ಪಳಗಿಲ್ಲವೆಂಬ ಅಳುಕು ಬೇಡ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ 39 ಜನ 45 ನಿಮಿಷ ಕಲೆಯಲ್ಲಿ ತೊಡಗಿದಾಗ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಿತ್ತು, ಅನುಭವವಿರಲಿ ಬಿಡಲಿ.

ಎರಡು ವಾರದಿಂದ ನಿದ್ದೆ, ಊಟ ಕೆಟ್ಟಿದ್ದರೆ ಕಲೆಯೊಂದನ್ನೇ ನಂಬಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.