ಪುಣೆ ಡೆಕ್ಕನ್ ಹತ್ರದ 'ಪ್ರೊಫೈಲ್ ಕ್ಲೀನಪ್' ಪ್ಯಾಕೇಜು: ಹುಡುಕೂದಕ್ಕ ಫುಲ್ ಮಾರ್ಕ್ಸ್, ಉಳಿದಿದ್ದಕ್ಕ ರೊಕ್ಕಾ ಕೊಡಬ್ಯಾಡ್ರಿ

ಐದರಾಗ ಮೂರು ಸ್ಟಾರ್. ಅದರಾಗ ಎರಡೂವರೆ ಅಲ್ಲಿ ಕೆಲಸಾ ಮಾಡೋ ಒಬ್ಬ ಸೊಲ್ಲಾಪುರದ ಹುಡುಗಿದು, ಉಳಿದ ಅರ್ಧ ಎಸಿಗೆ ಮತ್ತ ಚಹಾಕ್ಕ. ಸಂಸ್ಥೆ ಹೆಸರು ಹಾಕೂದಿಲ್ಲ, ಹಾಕಿದ್ರ ನಾಳೆ ಫೋನ್ ಮ್ಯಾಲೆ ಫೋನ್ ಮಾಡಿ ರಿವ್ಯೂ ತಗೀರಿ ಅಂತ ಬೆನ್ನು ಹತ್ತತಾರ.

ವಿಷಯ ಏನಂದ್ರ, ಪುಣೆದಾಗ ಎಂಬಿಎ, ಲಾ, ಫಾರಿನ್ ಅಡ್ಮಿಶನ್ ಅಂತ ಗೈಡೆನ್ಸ್ ಕೊಡೋ ಮಂದಿ ಈಗ ಇನ್ನೊಂದು ಹೊಸಾ ಸರ್ವಿಸ್ ಮಾರಾಕ ಹತ್ಯಾರ. ಹುಡುಗನ ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಎಕ್ಸ್, ಲಿಂಕ್ಡ್‌ಇನ್ ಎಲ್ಲಾ ಜಾಲಾಡಿ, ಅಡ್ಮಿಶನ್‌ದವರ ಕಣ್ಣಿಗೆ ಬೀಳಬಾರದ್ದನ್ನ ತಗದು, ಬೀಳಬೇಕಾದ್ದನ್ನ ಹಾಕಿ ಕೊಡ್ತೀವಿ ಅಂತಾರ. ನಮ್ಮ ಅಕ್ಕನ ಮಗ ಹಿಂಜವಡಿದಾಗ ಐಟಿ ಕೆಲಸಾ ಮಾಡ್ತಾನ, ಕರ್ವೇನಗರದಾಗ ನಮ್ಮ ಮನ್ಯಾಗ ಇರ್ತಾನ, ಈ ಸಲ ಎಂಬಿಎಕ್ಕ ಹೊಂಟಾನ, ಇಲ್ಲೀವೂ ಹಾಕ್ಯಾನ, ಅಮೆರಿಕಾದ್ದೂ ಹಾಕ್ಯಾನ. ಪ್ಯಾಕೇಜಿಗೆ 18 ಸಾವಿರ, ಮ್ಯಾಲೆ ಜಿಎಸ್‌ಟಿ. ಅಕ್ಕ ಧಾರವಾಡದಿಂದ ಫೋನ್ ಮಾಡಿ ನೀನೂ ಅವನ ಜೋಡಿ ಹೋಗು, ಅವನು ಏನೇನ ಹಾಕ್ಯಾನೋ ಏನೋ ಅಂದ್ಲು, ಹಂಗಾಗಿ ಎಲ್ಲಾ ಸೆಶನ್‌ಗೂ ಮೌಶಿ, ಅಂದ್ರ ಚಿಕ್ಕಮ್ಮ, ಅನ್ನಿಸ್ಕೊಂಡ ನಾನೂ ಹಾಜರು.

ಮೊದಲ ಒಂದು ಫ್ರೀ ಸೆಮಿನಾರ್ ಇರ್ತದ. ಹೆಸರಿಗೆ ಸೆಮಿನಾರ್, ಕೆಲಸ ತಂದಿ ತಾಯಿನ್ನ ಅಂಜಿಸೂದು. ಅಡ್ಮಿಶನ್ ಆಫೀಸರ್‌ಗಳೊಳಗ ಶೇ. 40 ಮಂದಿ ಸೋಶಿಯಲ್ ಮೀಡಿಯಾ ನೋಡ್ತಾರ ಅಂತ ಗ್ವಾಡಿ ತುಂಬ ಸ್ಲೈಡ್ ಹಾಕಿದ್ರು. ಎಲ್ಲೀದು, ಯಾವಾಗಿಂದು ಅಂತ ಬರದಿರಲಿಲ್ಲ. ಇದು ಕ್ಯಾಪ್ಲಾನ್ ಅನ್ನೋ ಅಮೆರಿಕಾದ ಕೋಚಿಂಗ್ ಕಂಪನಿ 2015ರಾಗ ಮಾಡಿದ ಸರ್ವೇದ್ದು, ಅದೂ ಅಲ್ಲಿಯ ಡಿಗ್ರಿ ಕಾಲೇಜಿನವರನ್ನ ಕೇಳಿದ್ದು. ಅದ ಕಂಪನಿ ಮುಂದ 2018ರಾಗ ಕೇಳಿದಾಗ ಅದು ಶೇ. 25ಕ್ಕ ಇಳದಿತ್ತು, 2019ರಾಗ ಮತ್ತ 36ಕ್ಕ ಏರಿತು. ಇವರು ತಮಗ ಬೇಕಾದ ವರ್ಷ ಹಿಡಕೊಂಡು ಕೂತಾರ. ಮುಂದಿನ ಸ್ಲೈಡು ಹಾರ್ವರ್ಡ್‌ದ್ದು, 2017ರಾಗ ಸೀಟ್ ಕೊಟ್ಟ ಮ್ಯಾಲೆ ಕಡಿಮಿ ಅಂದ್ರೂ 10 ಹುಡುಗರ ಸೀಟ್ ವಾಪಸ್ ತಗೊಂಡ ಕಥಿ, ಫೇಸ್‌ಬುಕ್ ಗ್ರೂಪಿನ್ಯಾಗ ಹೊಲಸು ಹೊಲಸು ಮೀಮ್ ಹಾಕಿದ್ರಂತ. ಕಥಿ ಖರೇನ ಅದ. ಆದ್ರ ಅದು ಪ್ರೈವೇಟ್ ಗ್ರೂಪ್ ರೀ! ಮತ್ತ ಇವರ ಮೂರನೇ ಸ್ಲೈಡಿನ್ಯಾಗ ಮೊದಲನೇ ಉಪದೇಶ ಏನಪಾ ಅಂದ್ರ, 'ಎಲ್ಲಾ ಅಕೌಂಟ್ ಪ್ರೈವೇಟ್ ಮಾಡ್ರಿ'. ಹಿಂದಿನ ಸ್ಲೈಡ್ ಇವರ ಓದಿರಲಿಲ್ಲೇನೋ.

ಈಗ ಚಲೋ ಭಾಗಕ್ಕ ಬರ್ತೀನಿ. ಸರ್ಚ್ ಸೆಶನ್ ಅಂತ ಒಂದು ಇರ್ತದ, ಅದನ್ನ ಮಾಡಿದ್ದು ಆ ಸೊಲ್ಲಾಪುರದ ಹುಡುಗಿ. ಹುಡುಗನ ಹೆಸರು ಹಾಕಿ ಗೂಗಲ್ ಮಾಡಿದ್ರ ಏನೂ ಬರಲಿಲ್ಲ, ಅವನು ನೋಡು ಮೌಶಿ ಕ್ಲೀನ್ ಅದ ಅಂತ ನನ್ನ ಕಡೆ ನೋಡಿ ನಕ್ಕ. ಆಕಿ ಸುಮ್ಮನ ಅವನ ಹಳೇ ಮೇಲ್ ಐಡಿ ಕೇಳಿದ್ಲು, ಅದರ ಮುಂದಿನ ಅರ್ಧ ಕಾಪಿ ಮಾಡಿ ಹುಡುಕಿದ್ಲು, ಬಂತು ನೋಡ್ರಿ ಸಾಲಾಗಿ. ಹೈಸ್ಕೂಲಿನಾಗ ಇಟ್ಟ ಯೂಸರ್‌ನೇಮ್, ಅದ ಹೆಸರಿಂದ ಎಕ್ಸ್‌ದಾಗ ಒಂದು, ಕ್ರಿಕೆಟ್ ಪೇಜ್ ಒಂದರಾಗ ಒಂದು, ಯೂಟ್ಯೂಬ್ ಕಮೆಂಟ್ ಬ್ಯಾರೆ. ಡಿಲೀಟ್ ಮಾಡೇನಿ ಅಂದಿದ್ದು ಡಿಲೀಟ್ ಆಗಿರಲಿಲ್ಲ, ಫೋನಿನ್ಯಾಗಿನ ಆ್ಯಪ್ ಅಷ್ಟ ತಗದಿದ್ದ.

ಅದರಾಗ 2022ರ ಡಿಸೆಂಬರ್‌ದ್ದು ಒಂದು ಸಿಕ್ತು. ಬೆಳಗಾವಿ ಗಡಿ ಜಗಳ ಎದ್ದು ಇಲ್ಲಿ ಪುಣೆದಾಗ ಕರ್ನಾಟಕದ ಬಸ್ಸಿಗೆ ಮಸಿ ಬಳದಿದ್ರಲ್ಲಾ, ಆವಾಗ ಇವ ಹುಬ್ಬಳ್ಳ್ಯಾಗ ಇಂಜಿನಿಯರಿಂಗ್ ಲಾಸ್ಟ್ ಇಯರ್. ಒಂದು ನ್ಯೂಸ್ ವಿಡಿಯೋ ಕೆಳಗ ಇಂಗ್ಲಿಷ್ ಅಕ್ಷರದಾಗ ಕನ್ನಡ ಟೈಪ್ ಮಾಡಿ ಮರಾಠಿ ಮಂದಿನ್ನ ಹೆಂಗ ಬೈದಾನಂದ್ರ ನಾ ಇಲ್ಲಿ ಬರ್ಯಾಂಗಿಲ್ಲ. ಆಕಿ ಸ್ಕ್ರೀನ್ ನೋಡಿದ್ಲು, ಇವನು ಅಕಿಗೆಲ್ಲಿ ತಿಳೀತದ ಅಂತ ಕೂತಾನ, ಆಕಿ ಪೂರ್ತಿ ಓದಿ ನನ್ನ ಕಡೆ ತಿರುಗಿ 'ನಮ್ಮ ಮನ್ಯಾಗೂ ಕನ್ನಡಾನ ಮಾತಾಡ್ತೀವ್ರಿ ಕಾಕು' ಅಂದ್ಲು. ಹುಡುಗನ ಕಿವಿ ಕೆಂಪಗಾಗಿ ಹೋದ್ವು. ಪುಣೆ ಕಾಲೇಜಿನ ಇಂಟರ್‌ವ್ಯೂಕ್ಕ ಹೊಂಟವನು, ಎದುರಿಗೆ ಕೂಡೋ ಸರ್ ಮಂದಿ ಅರ್ಧಕ್ಕರ್ಧ ಮರಾಠಿಯವರು.

ಆಕಿ ಹೇಳಿದ್ದು ಮಾತ್ರ ನನಗ ಭಾಳ ಹಿಡಿಸ್ತು. ಪ್ಯಾನೆಲ್‌ನವರು ಇಷ್ಟ ಆಳಕ್ಕ ಇಳದು ಹುಡುಕೂದು ಕಡಿಮಿ, ಅವರಿಗೆ ದಿನಕ್ಕ ಎಷ್ಟೋ ಹುಡುಗರು ಇರ್ತಾರ. ಇಂಥಾವನ್ನ ಹುಡುಕಿ ಸ್ಕ್ರೀನ್‌ಶಾಟ್ ಹೊಡದು ಕಾಲೇಜಿಗೆ ಕಳಸವರು ಸಂಗಾತಿ ಹುಡುಗ್ರು, ಇಲ್ಲಾ ಯಾರೋ ಆಗದವರು. ಕಮೆಂಟ್ ತಗದ್ರ ಅಲ್ಲಿಂದ ಹೋಗ್ತದ, ಯಾರರ ಮೊದಲ ಶಾಟ್ ಹೊಡದಿಟ್ಟಿದ್ರ ಅದು ಹೋಗಂಗಿಲ್ಲ, ಅದಕ್ಕ ಕೇಳಿದ್ರ 'ಹೌದ್ರೀ ಸರ್, ಬರದಿದ್ದೆ, ತಪ್ಪಾತು' ಅಂತ ಎರಡ ಮಾತಿನ್ಯಾಗ ಮುಗಸು, ಅಕೌಂಟ್ ಹ್ಯಾಕ್ ಆಗಿತ್ತು ಅಂತ ಮಾತ್ರ ಹೇಳಬ್ಯಾಡ ಅಂದ್ಲು. ಅಕ್ಕನಿಗೆ ನಿದ್ದಿಗೆಡಿಸಿದ್ದ ಗೋವಾದ ಬೀರ್ ಫೋಟೋ ಆಕಿ ನೋಡೇ ನೋಡಲಿಲ್ಲ, ನೌಕರಿ ಮಾಡೋ ಹುಡುಗ ಬೀರ್ ಕುಡದ್ರ ಯಾರಿಗೇನ್ರೀ ಅಂತ ಮುಂದಕ್ಕ ಹೋದ್ಲು. ಮಂದಿಗೆ ಬೈದಿದ್ದು, ಜಾತಿ, ಹೆಣ್ಣುಮಕ್ಕಳ ಮ್ಯಾಲಿನ ಜೋಕು, ಪೇಪರ್ ಲೀಕ್ ಗ್ರೂಪಿಗೆ ಹಾಕಿದ ಲೈಕು, ಇಂಥಾವು ನೋಡ್ತೀನಿ, ಬಾಟ್ಲಿ ಅಲ್ಲ ಅಂತ. ನೂರಕ್ಕ ನೂರು ಖರೆ.

ಇನ್ನೊಂದು ಆಕಿ ಹಿಡದಿದ್ದು, ಅಪ್ಲಿಕೇಶನ್ ಫಾರ್ಮಿನ್ಯಾಗ ಕೆಲಸಕ್ಕ ಸೇರಿದ್ದು 2023 ಜುಲೈ ಅಂತ ಅದ, ಲಿಂಕ್ಡ್‌ಇನ್‌ದಾಗ ಜನವರಿ ಅಂತ ಅದ. ಇಂಟರ್ನ್‌ಶಿಪ್ಪನ್ನೂ ನೌಕರಿ ಅಂತ ಜೋಡಿಸಿಬಿಟ್ಟಾನ. ಬಿ-ಸ್ಕೂಲಿನವರು, ಅಂದ್ರ ಎಂಬಿಎ ಕಾಲೇಜಿನವರು, ವರ್ಕ್ ಎಕ್ಸ್‌ಪೀರಿಯನ್ಸ್ ಲೆಟರ್ ಕೇಳ್ತಾರ, ತಿಂಗಳ ಲೆಕ್ಕ ಹಾಕ್ತಾರ, ಸುಳ್ಳು ಕಂಡ್ರ ಸೀಟ್ ಕೊಟ್ಟ ಮ್ಯಾಲೂ ಕ್ಯಾನ್ಸಲ್ ಮಾಡಬಹುದು. ಯಾವ ಫೋಟೋಕಿಂತಾನೂ ಇದ ದೊಡ್ಡ ಅಪಾಯ ಅಂತ ನನ್ನ ಅಭಿಪ್ರಾಯ, ಇದನ್ನ ಆ ಸೆಮಿನಾರಿನ್ಯಾಗ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಇಲ್ಲೀತನಕ ಕೊಟ್ಟ ರೊಕ್ಕಾ ವಸೂಲ್. ಆಮ್ಯಾಲೆ 'ಬಿಲ್ಡಿಂಗ್' ಅಂತ ಒಂದು ಹಂತ ಅದ, ಅಲ್ಲಿಂದ ಕೆಟ್ಟಿತು. ಬ್ಯಾರೆ ಟೀಮ್. ಹುಡುಗನ ಹೆಸರಿಲೆ ಲಿಂಕ್ಡ್‌ಇನ್‌ದಾಗ ವಾರಕ್ಕೊಂದು ಪೋಸ್ಟ್ ಇವರ ಬರದು ಹಾಕ್ತಾರ, ಸಪ್ಲೈ ಚೈನ್ ರೆಸಿಲಿಯನ್ಸ್, ಲೀಡರ್‌ಶಿಪ್ ಜರ್ನಿ, ಏನೇನೋ. ಕಡಿಕ ಇವರದ ಮಾಕ್, ಅಂದ್ರ ಪ್ರ್ಯಾಕ್ಟೀಸ್, ಇಂಟರ್‌ವ್ಯೂನ್ಯಾಗ ಒಬ್ಬ ರಿಟೈರ್ಡ್ ಪ್ರೊಫೆಸರ್ ಅದ ಪೋಸ್ಟ್ ಹಿಡಕೊಂಡು 'ಬಫರ್ ಸ್ಟಾಕ್ (ಕಡಿಮಿ ಬೀಳಬಾರದು ಅಂತ ಹೆಚ್ಚಿಗಿ ಇಟ್ಟ ಮಾಲು) ಬಗ್ಗೆ ಬರದೀಯಲ್ಲಾ, ನಿಮ್ಮ ಕಂಪನ್ಯಾಗ ಹೆಂಗ ಲೆಕ್ಕ ಹಾಕ್ತಾರ ಹೇಳು' ಅಂದ್ರು. ಹುಡುಗ ಮಾಡೂದು ಬ್ಯಾಂಕಿನ ಸಾಫ್ಟ್‌ವೇರ್ ಟೆಸ್ಟಿಂಗ್. ಬೆಬ್ಬೆಬ್ಬೆ ಅಂದ. ಅವತ್ತ ಮನಿಗೆ ಬಂದು ಎಲ್ಲಾ ಪೋಸ್ಟ್ ತಾನ ತಗದ.

ಅಮೆರಿಕಾಕ್ಕ ಹೊಂಟವರು ಇದನ್ನ ಲಕ್ಷ್ಯ ಕೊಟ್ಟು ಓದ್ರಿ. ಇವರು ಪ್ರೈವೇಟ್ ಮಾಡಿಸಿದ್ರು, ಹಳೇ ಅಕೌಂಟ್ ಕಿತ್ತಸಿದ್ರು, ಕೆಲಸ ಮುಗೀತು ಅಂದ್ರು. ಆದ್ರ ವೀಸಾ ಫಾರ್ಮ್ ಡಿಎಸ್-160 ಅದಲ್ಲಾ, ಅದರಾಗ 2019ರಿಂದಾನ ಹಿಂದಿನ 5 ವರ್ಷದಾಗ ಬಳಸಿದ ಎಲ್ಲಾ ಸೋಶಿಯಲ್ ಮೀಡಿಯಾ ಹೆಸರು ಕೇಳ್ತಾರ. ಈಗ ಬಂದ್ ಮಾಡಿದ್ರೂ ಆ 5 ವರ್ಷದಾಗ ಬಳಸಿದ್ರ ಬರೀಬೇಕು. ಅದರ ಮ್ಯಾಲೆ 2025ರ ಜೂನ್‌ದಿಂದ ಎಫ್, ಎಂ, ಜೆ ವೀಸಾದವರು ತಮ್ಮ ಅಕೌಂಟ್ 'ಪಬ್ಲಿಕ್' ಇಡಬೇಕು ಅಂತ ಅಲ್ಲಿಯ ಸರಕಾರ ಹೇಳ್ಯದ, ಎಂಬಿಎ ಓದಾಕ ಹೋಗವರದ್ದು ಸಾಮಾನ್ಯಕ್ಕ ಎಫ್. ಅಂದ್ರ ಕಾಲೇಜಿಗೆ ಮುಚ್ಚು, ಕಾನ್ಸುಲೇಟಿಗೆ ತಗಿ. ಇದನ್ನ ಮ್ಯಾನೇಜರ್‌ಗೆ ಕೇಳಿದ್ರ 'ವೀಸಾ ನಮ್ಮ ಸ್ಕೋಪಿನಾಗ ಬರಂಗಿಲ್ಲ ಮ್ಯಾಡಮ್' ಅಂದ. 18 ಸಾವಿರ ತಗೊಳ್ಳೂವಾಗ ಬ್ರೋಶರ್ ಮ್ಯಾಲೆ ಸ್ಟ್ಯಾಚ್ಯೂ ಆಫ್ ಲಿಬರ್ಟಿ ಚಿತ್ರ ಇತ್ತು.

ನನಗ ಸಿಟ್ಟು ಬಂದಿದ್ದು ಮಾತ್ರ ಬ್ಯಾರೆ ಕಾರಣಕ್ಕ. ವೇಟಿಂಗ್ ರೂಮಿನ್ಯಾಗ ವಿಜಯಪುರ ಕಡೆಯ ಒಂದು ಕುಟುಂಬ ಕೂತಿತ್ತು, ಮಗಳು ನೀಟ್‌ಗೆ ಓದ್ತಾಳ, ಅಕಿಗೂ ಇದ ಪ್ಯಾಕೇಜ್ ಹಚ್ಚಾಕ ಹತ್ತಿದ್ರು. ಎಂಬಿಬಿಎಸ್ ಸೀಟು ನೀಟ್ ರ್‍ಯಾಂಕಿನ ಮ್ಯಾಲೆ, ಸರಕಾರಿ ಕಾಲೇಜಿನ ಶೇ. 15 ಸೀಟು ಆಲ್ ಇಂಡಿಯಾ ಕೌನ್ಸೆಲಿಂಗ್‌ದಾಗ, ಉಳಿದ 85 ರಾಜ್ಯದವರ ಕಡೆ, ಇಂಟರ್‌ವ್ಯೂ ಅನ್ನೂದ ಇಲ್ಲ. ಆಕಿ ರೀಲ್ಸ್ ಯಾರು ನೋಡ್ತಾರ? ಕ್ಲ್ಯಾಟ್‌ನಿಂದ ಲಾ ಕಾಲೇಜಿಗೆ ಹೋಗೂದೂ ರ್‍ಯಾಂಕಿನ ಮ್ಯಾಲೆ, ಮಹಾರಾಷ್ಟ್ರದ ಸಿಇಟಿಯಿಂದ ಎಂಬಿಎ ತಗೊಳ್ಳೂದೂ ಸ್ಕೋರಿನ ಮ್ಯಾಲೆ. ಐಐಎಂ, ಸ್ನ್ಯಾಪ್ ಅನ್ನೋ ಎಂಟ್ರೆನ್ಸ್ ಪರೀಕ್ಷಾ ಆದ ಮ್ಯಾಲೆ ಸಿಂಬಯಾಸಿಸ್‌ದವರ ಇಂಟರ್‌ವ್ಯೂ, ಮುಂಬೈದ ಎಸ್‌ಪಿ ಜೈನ್, ಐಎಸ್‌ಬಿ, ಇಂಥಾ ಎದುರಿಗೆ ಕೂತು ಮಾತಾಡಬೇಕಾದ ಕಡೆ ಮಾತ್ರ ಈ ಪ್ರಶ್ನೆ ಬರ್ತದ. ನಾನು ಆ ತಾಯಿಗೆ ಕನ್ನಡದಾಗ ಇಷ್ಟು ಹೇಳಿದೆ, ರಿಸೆಪ್ಶನ್‌ದಾಕಿ ಕಣ್ಣು ಕೆಂಪಗ ಮಾಡಿದ್ಲು. ಅವರು ಎದ್ದು ಹೋದ್ರು. ಹೋಗಿ ಒಂದು ಟೆಸ್ಟ್ ಸೀರೀಸ್ ಕೊಡಸಿದ್ರ ಆ ಹುಡುಗಿಗೆ ಉಪಯೋಗ ಆದೀತು.

ಹೋಗವರಿಗೆ ಎರಡು ಮಾತು. ಶುರುವಿನ್ಯಾಗ ವಾಟ್ಸ್ಯಾಪ್‌ನ್ಯಾಗ ಒಂದು ಫಾರ್ಮ್ ಕಳಸ್ತಾರ, ಅದರಾಗ ಎಲ್ಲಾ ಅಕೌಂಟಿನ ಪಾಸ್‌ವರ್ಡ್ ಬರೀರಿ ಅಂತ ಇರ್ತದ. ಬರೀಬ್ಯಾಡ್ರಿ. ನಾವು ಕೊಡಲಿಲ್ಲ, ಹುಡುಗ ತಾನ ಲಾಗಿನ್ ಮಾಡಿ ಬಾಜೂಕ ಕೂತ, ಕೆಲಸೇನೂ ನಿಂದರಲಿಲ್ಲ. ಡಿಲೀಟ್ ಮಾಡೂದಕ್ಕಂತೂ ಅವರು ಬೇಕಾಗೂದ ಇಲ್ಲ, ಇನ್‌ಸ್ಟಾಗ್ರಾಮಿನ 'ಯುವರ್ ಆ್ಯಕ್ಟಿವಿಟಿ'ಯೊಳಗ ಹಳೇ ಕಮೆಂಟ್ ಲೈಕ್ ಗುಂಪಾಗಿ ತಗೀಬಹುದು, ಫೇಸ್‌ಬುಕ್‌ದಾಗ ಹಳೇ ಪಬ್ಲಿಕ್ ಪೋಸ್ಟ್ ಎಲ್ಲಾ ಒಂದ ಬಟನ್‌ಗೆ ಫ್ರೆಂಡ್ಸ್‌ಗೆ ಮಾತ್ರ ಕಾಣೋ ಹಂಗ ಮಾಡಬಹುದು, ಮಂದಿ ಟ್ಯಾಗ್ ಮಾಡಿದ್ದು ಇದ್ರ ಅವರಿಗೆ ಫೋನ್ ಹಚ್ಚಿ ತಗಿಯೋ ಅಂದ್ರ ಆತು.

ಪಾರ್ಕಿಂಗ್ ಇಲ್ಲ, ಮೆಟ್ರೋದಾಗ ಡೆಕ್ಕನ್ ಜಿಮ್‌ಖಾನಾ ಇಳೀರಿ, ಸೆಶನ್ ಮುಗಿಸಿ ವೈಶಾಲಿ ಹೋಟೆಲಿಗೆ ಹೋಗಿ ಎಸ್‌ಪಿಡಿಪಿ (ಸೇವ್ ಪೊಟ್ಯಾಟೊ ದಹಿ ಪುರಿ) ತಿನ್ರಿ, ಸಾಯಂಕಾಲ ಅಂದ್ರ ಕ್ಯೂ ಇರ್ತದ. ಪೂರ್ತಿ ಪ್ಯಾಕೇಜ್ ಬ್ಯಾಡ, ಬರೇ ಸರ್ಚ್ ಸೆಶನ್ ಕೊಡ್ರಿ ಅಂತ ಹಟ ಹಿಡೀರಿ. ಹಂಗ ಕೊಡಂಗಿಲ್ಲ ಅಂತ ಮೊದಲ ಅಂತಾರ, ಎದ್ದು ನಿಂತ್ರ 4 ಸಾವಿರಕ್ಕ ಬರ್ತಾರ, ನಮ್ಮ ಹಿಂದ ಬಂದ ಹುಡುಗನಿಗೆ ಅಷ್ಟಕ್ಕ ಮಾಡಿಕೊಟ್ರು. ಸೊಲ್ಲಾಪುರದಾಕಿ ಇದ್ದ ದಿನಾನ ಹೋಗ್ರಿ, ಮತ್ತ ಜಿಎಸ್‌ಟಿ ಬಿಲ್ ಬಾಯಿ ಬಿಟ್ಟು ಕೇಳ್ರಿ, ಕೇಳದ ಅವರಾಗೆ ಕೊಡೂದಿಲ್ಲ.